ಪಿಕಪ್ ಕಳೆಯುವ ಕ್ರಮ: ಕಾರು ಮಾಲೀಕರ ಕೈಪಿಡಿ

ನೀವೀಗ 800 ಸಿಸಿ ಪೆಟ್ರೋಲ್ ಕಾರಿನ ಒಡೆಯರು. ಷೋರೂಮಿನಿಂದ ಹೊರಬರುವಾಗ ಅದಕ್ಕೆ ಒಂದಿಷ್ಟು ಪಿಕಪ್ ಇರುತ್ತದೆ. ಅದನ್ನು ಪೂರ್ತಿ ಕಳೆದು, ಆಮೇಲೆ ಕಂಪನಿಯನ್ನು ಬೈಯುವ ಬಗೆಯನ್ನು ಈ ಕೈಪಿಡಿ ಕಲಿಸುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ರಸ್ತೆಗಳಿಗೆ ಅನ್ವಯ.

ನಿಮಗೆ ಸಿಕ್ಕಿರುವುದು. ಸುಮಾರು 69 ನ್ಯೂಟನ್-ಮೀಟರ್ ಟಾರ್ಕ್. ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಏಳು ಕೆ.ಜಿ. ನೇತುಹಾಕಿದರೆ ಎಷ್ಟು ತಿರುಚುತ್ತದೋ ಅಷ್ಟೇ. ಇಷ್ಟರಿಂದ ಕಾರು ಮಿಸುಕುವುದಿಲ್ಲ, ಮಿಸುಕಿಸುವುದು ಗೇರು. ಮೊದಲ ಗೇರಿನ ಅನುಪಾತ 3.5, ಡಿಫರೆನ್ಷಿಯಲ್‌ನದು 4 ಎಂದು ಹಿಡಿಯಿರಿ: ಟಾರ್ಕ್ 14 ಪಟ್ಟಾಯಿತು. ದಾರಿಯಲ್ಲಿ ಸೋರುವುದನ್ನು ಕಳೆದರೆ ಟೈರು ನೆಲವನ್ನು ಹೆಚ್ಚೆಂದರೆ 3,000 ನ್ಯೂಟನ್ ಬಲದಿಂದ ತಳ್ಳುತ್ತದೆ. ಕಾರು, ನೀವು ಸೇರಿ 820 ಕೆ.ಜಿ. ಇದ್ದರೆ ವೇಗ ಪ್ರತಿ ಸೆಕೆಂಡಿಗೂ ಗಂಟೆಗೆ 13 ಕಿ.ಮೀ.ನಂತೆ ಏರುತ್ತದೆ. ಇದು ಅತಿಯಾಯಿತು. ಕಡಿಮೆ ಮಾಡೋಣ.

ತುಂಬುವುದು. ಹೆಂಡತಿ, ಇಬ್ಬರು ಬೆಳೆದ ಮಕ್ಕಳು, ಮಾಗಡಿಯ ದೊಡ್ಡಮ್ಮ. ಚನ್ನಪಟ್ಟಣದಲ್ಲಿ ನಿಲ್ಲಿಸಿ ಗೊಂಬೆ ಕೊಂಡರೆ ಪ್ರಯೋಜನವಿಲ್ಲ, ಹಾಲೆಮರ ಹಗುರ. ರಾಮನಗರದ ಬಾದಾಮಿ ಮಾವು ನೂರು ಕೆ.ಜಿ. ಡಿಕ್ಕಿಗೆ ಹೋಗಲಿ. ಈಗ ಒಟ್ಟು 1,180 ಕೆ.ಜಿ. ಬಲ ಅದೇ, ಹೊರೆ ಹೆಚ್ಚು: ಸೆಕೆಂಡಿಗೆ 13 ಏರುತ್ತಿದ್ದದ್ದು 9ಕ್ಕೆ ಇಳಿಯಿತು. ಇನ್ನೂ ಇಳಿಯಬೇಕೆ? ಅಂದಕ್ಕೆಂದು ದೊಡ್ಡ ಚಕ್ರ ಹಾಕಿಸಿ. ತ್ರಿಜ್ಯ ಶೇ. 10 ಹೆಚ್ಚಿದರೆ ನೆಲಕ್ಕೆ ಸಿಗುವ ಬಲ ಶೇ. 9 ಕಡಿಮೆ.

ಏರು ಹತ್ತುವುದು. ಇದೇ ಮುಖ್ಯ ಪಾಠ. ಸಂಗಮದಿಂದ ಕನಕಪುರದ ಕಡೆಗೆ ಹಿಂತಿರುಗುವಾಗ ಏರು ಬಂದರೂ ಟಾಪ್ ಗೇರು ಬಿಡಬೇಡಿ. ಮೈಲೇಜ್ ಮೈಲೇಜ್ ಎಂದು ಜಪಿಸಿ. ಐದನೇ ಗೇರಿನ ಅನುಪಾತ 0.8 ಆದರೆ 14 ಪಟ್ಟು ಹೋಗಿ 3.2 ಪಟ್ಟು ಮಾತ್ರ. ಟೈರಿಗೆ ಸಿಗುವುದು 690 ನ್ಯೂಟನ್. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ನಿಮ್ಮ ಮಾವು, ದೊಡ್ಡಮ್ಮ ಎಲ್ಲ ಸೇರಿ 580 ನ್ಯೂಟನ್ ಹಿಂದಕ್ಕೆಳೆಯುತ್ತಾರೆ. ಮಿಕ್ಕ 110ನ್ನು ಟೈರುಗಳ ಉರುಳುತಡೆಯೇ ನುಂಗುತ್ತದೆ. ಗಾಳಿಯ ಲೆಕ್ಕಕ್ಕೆ ಇನ್ನೂ ಬಂದೇ ಇಲ್ಲ. ಅದೂ ಈ 69 ನ್ಯೂಟನ್-ಮೀಟರ್ ಸಿಗುವುದು 3,500 ಆರ್‌ಪಿಎಂ ಸುಮಾರಿಗೆ. ನೀವು 1,500ರಲ್ಲಿ ಗೊರಗೊರ ಎನ್ನಿಸುತ್ತಿದ್ದರೆ ಅದೂ ಇಲ್ಲ.

ಗ್ರಾನೈಟ್ ದಿಮ್ಮಿ ಹೊತ್ತ ಲಾರಿಯ ಡ್ರೈವರ್ ಏರು ಶುರುವಾಗುವ ಮೊದಲೇ ಗೇರು ಇಳಿಸಿ, ನಿಧಾನವಾಗಿ, ನಿಲ್ಲದೆ ಹತ್ತುತ್ತಾನೆ. ಅವನಿಂದ ಏನನ್ನೂ ಕಲಿಯಬೇಡಿ. ಹಾರ್ನ್ ಮಾಡಿ.

ಇನ್ನೋವಾ ಹಿಂದಿಕ್ಕಿದರೆ. ಅವಮಾನವಲ್ಲ, ಅಂಕಗಣಿತ. ಬಿಡದಿಯಲ್ಲಿ ತಯಾರಾದ 2005ರ ಇನ್ನೋವಾದ 2.5 ಲೀಟರ್ ಡೀಸೆಲ್ ಇಂಜಿನ್ 200 ನ್ಯೂಟನ್-ಮೀಟರ್ ಕೊಡುತ್ತಿತ್ತು. 2016ರ ಇನ್ನೋವಾ ಕ್ರಿಸ್ಟಾದಲ್ಲಿ ಇಂಜಿನ್ 2.4 ಲೀಟರಿಗೆ ಇಳಿದರೂ ಟಾರ್ಕ್ 343, ಅದೂ 1,400 ಆರ್‌ಪಿಎಂನಿಂದಲೇ. ತೂಕ ನಿಮ್ಮ ಕಾರಿನ ಎರಡರಷ್ಟಕ್ಕೂ ಮೇಲೆ, ಟಾರ್ಕ್ ಐದರಷ್ಟು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಅದಕ್ಕೂ ನಿಮಗೂ ಮಿತಿ ಒಂದೇ, ಗಂಟೆಗೆ 100 ಕಿ.ಮೀ. ಆ ವೇಗ ಮುಟ್ಟುವ ಮೊದಲಿನ ಕೆಲವು ಸೆಕೆಂಡುಗಳಿಗಷ್ಟೇ ಇನ್ನೋವಾದವರು ಅಷ್ಟು ಲಕ್ಷ ಕೊಟ್ಟಿರುವುದು.

ವಾರಂಟಿ. ಪಿಕಪ್ ಇಲ್ಲವೆಂಬ ದೂರನ್ನು ಯಾವಾಗ ಬೇಕಾದರೂ ಕೊಡಬಹುದು. ಕೊಡುವ ಮೊದಲು ಡಿಕ್ಕಿ ಖಾಲಿ ಮಾಡಿ, ಮೂರನೇ ಗೇರಿಗೆ ಇಳಿಸಿ, ಅದೇ ಏರನ್ನು ಒಮ್ಮೆ ಹತ್ತಿಸಿ ನೋಡಿ. ಇಂಜಿನ್ ಕೂಗಿದರೂ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಸವೆದಿರಬಹುದು. ಆಗ ಮೆಕ್ಯಾನಿಕ್ ಹತ್ತಿರ ಹೋಗಿ.