ನೂರಾ ನಲವತ್ನಾಕು ಹರಟಿ

ಗುತ್ತಲದ ನಮ್ಮ ಓಣಿಯಲ್ಲಿ ಒಬ್ಬ ತರುಣನಿದ್ದಾನೆ. ಇಂಥವನು ನಿಮ್ಮ ಓಣಿಯಲ್ಲೂ ಇರುತ್ತಾನೆ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬೆಂಗಳೂರಿನಿಂದ ಬಂದವನು ಮರಳಿ ಹೋಗಲೇ ಇಲ್ಲ. ಕೇಳಿದವರಿಗೆಲ್ಲ ‘ನಾ ಬೆಂಗಳೂರು ಕಂಪನ್ಯಾಗ ಅದೇನಿ’ ಎನ್ನುತ್ತಾನೆ. ಇರುವುದು ಅವ್ವನ ಅಡುಗೆಮನೆ ಪಕ್ಕದ ಕೋಣೆಯಲ್ಲಿ. ನಾವು ತಕರಾರು ಮಾಡುವುದಿಲ್ಲ. ಈ ಊರು ಗುತ್ತವೊಳಲಾಗಿದ್ದಾಗ ಆಳಿದ ಗುತ್ತರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಶಾಸನದಲ್ಲೇ ಕೆತ್ತಿಸಿಕೊಂಡವರು. ದೂರದ ಸಂಬಂಧ ಹೇಳಿಕೊಳ್ಳುವುದು ನಮ್ಮೂರಿಗೆ ಹಳೆಯ ರೂಢಿ.

ಇವನ ರೋಗ ಒಂದೇ: ಮಾನಿಟರ್ ತಗೋಬೇಕು. ರೋಗ ಎಂದೆ, ಯಾಕೆಂದರೆ ತಗೊಂಡಿದ್ದರೆ ವಾಸಿಯಾಗುತ್ತಿತ್ತು. ಇವನು ಒಂದು ವರ್ಷದಿಂದ ತಗೊಳ್ಳುತ್ತಲೇ ಇದ್ದ. ಹಗಲೆಲ್ಲ ಎಕ್ಸೆಲ್ಲು, ಕೋಡು. ರಾತ್ರಿ ಹತ್ತರ ಮೇಲೆ ಬಂದೂಕಿನ ಗೇಮು. ಹಗಲಿನವನಿಗೆ ಅಕ್ಷರ ಚೊಕ್ಕ ಕಾಣಬೇಕು, ರಾತ್ರಿಯವನಿಗೆ ವೈರಿ ಒಂದು ಕ್ಷಣ ಮೊದಲೇ ಕಾಣಬೇಕು. ಇಬ್ಬರಿಗೂ ಕಿಸೆ ಮಾತ್ರ ಒಂದೇ.

‘ಹರ್ಟ್ಝ್ ಅಂದ್ರ ಪರದೆ ಸೆಕೆಂಡಿಗೆ ಎಷ್ಟು ಸಲ ಬದಲಾಗತೈತಿ ಅನ್ನೂದು. 60 ಹರ್ಟ್ಝ್ ಇದ್ರ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಂದರತೈತಿ ಕಾಕಾ. 144 ಇದ್ರ 6.9ಕ್ಕ ಮುಗೀತೈತಿ. ಹತ್ತು ಮಿಲಿಸೆಕೆಂಡ್ ಉಳೀತು ನೋಡ್ರಿ!’ ಇದನ್ನು ನನಗೆ ತಿಳಿಹೇಳಲು ಅವನು ಚಹಾದಂಗಡಿಯಲ್ಲಿ ಮುಕ್ಕಾಲು ತಾಸು ತಗೊಂಡ.

ಅವನ ಅವ್ವನಿಗೆ ‘ಹರ್ಟ್ಝ್’ ಕೇಳಿಸಿದ್ದು ‘ಹರಟಿ’ ಎಂದು. ‘ನೋಡ್ರಿ ಅಣ್ಣಾರ, ನಮ್ಮ ಹುಡುಗಗ ನೂರಾ ನಲವತ್ನಾಕು ಹರಟಿ ಬೇಕಂತ. ಅದಕ್ಕ ಇಪ್ಪತ್ತು ಸಾವಿರ ಕೊಡ್ತಾನಂತ. ಈ ಊರಾಗ ಪುಕ್ಕಟ ಸಿಗತಾವಲ್ರೀ!’

ರಾಣೆಬೆನ್ನೂರಿನ ಅಂಗಡಿಗೆ ಹೋದ. ‘ಡಬ್ಬಿ ಮ್ಯಾಲೆ 1 ಮಿಲಿಸೆಕೆಂಡ್ ಅಂತ ಬರದೀರಿ. ಅದು ಜಿಟಿಜಿನೋ, ಎಂಪಿಆರ್‌ಟಿನೋ?’ ಮೊದಲನೆಯದು ಪರದೆಯ ಚುಕ್ಕಿ ಒಂದು ಬೂದುಬಣ್ಣದಿಂದ ಇನ್ನೊಂದಕ್ಕೆ ತಿರುಗುವ ಹೊತ್ತು. ಎರಡನೆಯದು ಓಡುವ ಚಿತ್ರ ನಮ್ಮ ಕಣ್ಣಿಗೆ ಎಷ್ಟು ಮಸುಕಾಗುತ್ತದೆ ಎಂಬುದರ ಅಳತೆ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಡಲು ಬರುವುದಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಅಂಗಡಿಯವ ಅಷ್ಟೇ ನ್ಯಾಯವಾಗಿ ಉತ್ತರಿಸಿದ: ‘ಮೂರು ವರ್ಷ ವಾರಂಟಿ ಐತ್ರಿ.’

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುವ ಸೋದರಮಾವನನ್ನು ಯಾವ ಬಗೆಯ ಪರದೆ ತಗೊಳ್ಳಲೆಂದು ಕೇಳಿದ. ಟಿಎನ್ ಪ್ಯಾನೆಲ್ಲು ಚುರುಕು, ಬಣ್ಣ ಪೇಲವ. ಐಪಿಎಸ್ಸಿಗೆ ಬಣ್ಣ ಚೆಂದ, ಓರೆಯಿಂದ ನೋಡಿದರೂ ಕೆಡದು. ವಿಎಯಲ್ಲಿ ಕಪ್ಪು ನಿಜವಾಗಿ ಕಪ್ಪು, ಆದರೆ ಕತ್ತಲ ದೃಶ್ಯ ಓಡಿದರೆ ನೆರಳು ಹಿಂದೆ ಎಳೆಯುತ್ತದೆ. ಮಾವ ಕೇಳುವಷ್ಟು ಕೇಳಿ, ‘ಹಂಗಂದ್ರ ನಿನ್ನ ಟಿಎನ್ನು ಗುಂಟೂರು ಖಾರ, ಐಪಿಎಸ್ಸು ನಮ್ಮ ಬ್ಯಾಡಗಿ ಬಣ್ಣ. ಎರಡೂ ಕೂಡಿಸಿ ಕುಟ್ಟಿದ್ದು ಸಿಗತೈತೇನು ಕೇಳು’ ಎಂದ. ಸಿಗುತ್ತದೆ. ಈಗಿನ ಐಪಿಎಸ್ಸುಗಳು ಓಟದಲ್ಲೂ ಹಿಂದೆ ಬಿದ್ದಿಲ್ಲ. ಆದರೆ ಇಷ್ಟು ಸಲೀಸಾಗಿ ಬಗೆಹರಿದ ಪ್ರಶ್ನೆಯ ಮೇಲೆ ಇವನಿಗೆ ನಂಬಿಕೆ ಹುಟ್ಟಲಿಲ್ಲ.

ಅಷ್ಟರಲ್ಲಿ 2025ರ ಸೆಪ್ಟೆಂಬರ್ 22ರಿಂದ ಮಾನಿಟರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯುತ್ತದೆಂಬ ಸುದ್ದಿ ಬಂತು. ‘ಕಾಯಬೇಕು ಕಾಕಾ’ ಎಂದು ಕಾದ. ಇಳಿಯಿತು, 32 ಇಂಚಿಗಿಂತ ದೊಡ್ಡವಕ್ಕೆ. ಇವನು ಕಣ್ಣಿಟ್ಟಿದ್ದ 27 ಇಂಚಿನದಕ್ಕೆ 2019ರ ಜನವರಿಯಿಂದಲೇ ಶೇ 18 ಇತ್ತು.

ಕೊನೆಗೆ ಕೈಹಾಕಿದವನು ಅಪ್ಪ. ಆತ ಕೊಬ್ಬರಿ ಹೋರಿ ಸಾಕಿದ ಮನುಷ್ಯ. ನಮ್ಮ ಸೀಮೆಯ ಹೊರಗಿನವರಿಗೆ ಒಂದು ಮಾತು: ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ, ಬಲೂನು, ಜೂಲ ಕಟ್ಟಿದ ಹೋರಿ ಮಂದಿಯ ನಡುವೆ ನುಗ್ಗಿ ಓಡುತ್ತದೆ. ಕೊಬ್ಬರಿ ಹರಿದವ ಗಂಡಸು, ಹರಿಯಗೊಡದ್ದು ಹೋರಿ. ಆ ಕೆಲವು ಕ್ಷಣದ ಓಟಕ್ಕಾಗಿ ವರ್ಷವಿಡೀ ಹುರುಳಿ, ಹಿಂಡಿ. ನೇಗಿಲಿಗೆ ಮಾತ್ರ ಕಟ್ಟುವುದಿಲ್ಲ.

‘ಹೋರಿ ಬ್ಯಾರೆ, ಎತ್ತು ಬ್ಯಾರೆ’ ಎಂದ ಅಪ್ಪ. ‘ದಿನಾ ಎಷ್ಟು ತಾಸು ಊಳತಿ, ಎಷ್ಟು ತಾಸು ಓಡಸ್ತಿ?’

‘ಒಂಬತ್ತು ತಾಸು ಕೆಲಸ ಯಪ್ಪಾ. ಆಟ... ಒಂದು ತಾಸು.’

‘ನಿನ್ನ ಲ್ಯಾಪ್‌ಟಾಪು ಎಷ್ಟು ಓಡತೈತಿ?’

ಇಲ್ಲಿ ಹುಡುಗ ತಲೆ ತಗ್ಗಿಸಿದ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಅವನ ಲ್ಯಾಪ್‌ಟಾಪು ಆ ಗೇಮಿಗೆ ಸೆಕೆಂಡಿಗೆ 40 ಫ್ರೇಮಿನ ಮೇಲೆ ಏದುಸಿರು ಬಿಡುತ್ತಿತ್ತು. 40 ಚಿತ್ರ ಕೊಡುವ ಯಂತ್ರಕ್ಕೆ 144 ಸಲ ಬದಲಾಗುವ ಪರದೆ ಕಟ್ಟಿದರೆ ಬಂದ ಚಿತ್ರವೇ ಮತ್ತೆ ಮತ್ತೆ ಬರುತ್ತದೆ. ಉಳುವವನಿಗೆ ಬೇಕಾದದ್ದು ಅಕ್ಷರದ ಚೊಕ್ಕತನ. 27 ಇಂಚಿನಲ್ಲಿ 1080ಪಿ ಆದರೆ ಇಂಚಿಗೆ ಸುಮಾರು 82 ಚುಕ್ಕಿ, 1440ಪಿ ಆದರೆ 109. ಕಡಿಮೆ ರೊಕ್ಕದವನಿಗೆ 24 ಇಂಚಿನ 1080ಪಿಯೇ ಮೇಲು, ಅದರಲ್ಲಿ 92. ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಒಂದು ವರ್ಷ ಚಹಾದ ದುಡ್ಡು ಕೊಟ್ಟವನು ನಾನು.

ಎತ್ತು ತರಲು ಹುಬ್ಬಳ್ಳಿಗೆ ಹೋದವನು ಹೋರಿಯನ್ನೇ ಹೊಡೆದುಕೊಂಡು ಬಂದ: 27 ಇಂಚು, 1440ಪಿ, ಐಪಿಎಸ್, 180 ಹರ್ಟ್ಝ್. ಆರು ತಿಂಗಳು ಓಣಿಯವರಿಗೆಲ್ಲ ಮೌಸಿನ ಬಾಣ ಅಲ್ಲಾಡಿಸಿ ತೋರಿಸಿದ. ‘ಹೆಂಗ ಬೆಣ್ಣಿ ಹಂಗ ಜಾರತೈತಿ ನೋಡ್ರಿ!’ ನಾವೂ ‘ಹೌದೌದು, ಬೆಣ್ಣಿನ’ ಎಂದೆವು.

ಮೊನ್ನೆ ರಜೆಗೆ ಬಂದ ಅವನ ಅಕ್ಕನ ಮಗ, ಎಂಟನೇ ಇಯತ್ತೆಯವ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆಗೆದು ಓದಿದ: ‘ಮಾಮಾ, ಇಲ್ಲಿ 60 ಹರ್ಟ್ಝ್ ಅಂತ ಐತಲ್ಲ?’

ಕೋಣೆ ಗಪ್ಪಾಯಿತು. ಬಾಗಿಲಲ್ಲಿ ನಿಂತಿದ್ದ ಅಪ್ಪ ಕೇಳಿದ: ‘ಅಂದ್ರ, ಆರು ತಿಂಗಳಾತು, ಹೋರಿ ಹಗ್ಗಾನ ಬಿಚ್ಚಿಲ್ಲೇನು?’

ಓದುಗರೇ, ವೇಗದ ಪರದೆಯನ್ನೂ ವಿಂಡೋಸ್ ಎಷ್ಟೋ ಸಲ 60ರಲ್ಲೇ ಕಟ್ಟಿಹಾಕಿರುತ್ತದೆ. ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ನಾವೇ ಬದಲಿಸಬೇಕು. ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ, ಮನೆಗೆ ಎಂಟನೇ ಇಯತ್ತೆಯವರು ಬರುವ ಮೊದಲು.