ಪಿಕಪ್ ಸಾಹೇಬರು ಬಾಯಿ ಬಿಟ್ಟಾಗ

ಬೇಸ್ ಗಿಟಾರ್ ಕೊಳ್ಳಲು ಹೊರಟವರು ಬಣ್ಣ ಆರಿಸಿದ ಮೇಲೆ ತಪ್ಪದೆ ಸಿಕ್ಕಿಬೀಳುವುದು ಒಂದೇ ಕಡೆ: ಪಿ ಪಿಕಪ್ಪೋ, ಜೆ ಪಿಕಪ್ಪೋ, ಎರಡೂ ಇರುವ ಪಿಜೆಯೋ? ಗೆಳೆಯರನ್ನು ಕೇಳಿದರೆ ಗೆಳೆತನ ಕೆಡುತ್ತದೆ. ಹಾಗಾಗಿ ಬೆಂಗಳೂರಿನ ಒಂದು ವಾದ್ಯದಂಗಡಿಯಲ್ಲಿ ಗೋಡೆಗೆ ತೂಗುಹಾಕಿದ್ದ ಪ್ರಿಸಿಶನ್ ಬೇಸಿನ ಪಿಕಪ್ಪನ್ನೇ ಮಾತಿಗೆಳೆದೆವು. ಪಕ್ಕದ ಜಾಝ್ ಬೇಸಿನ ಅಣ್ಣತಮ್ಮಂದಿರು ಕರೆಯದಿದ್ದರೂ ಬಾಯಿ ಹಾಕಿದರು.

ಪ್ರಶ್ನೆ: ತಮ್ಮ ಉದ್ಯೋಗ?

ಪಿ: ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ನಾನು. ಮೇಲೆ ಉಕ್ಕಿನ ತಂತಿ ನಡುಗಿದರೆ ನನ್ನೊಳಗೆ ವಿದ್ಯುತ್ತು ಹುಟ್ಟಿ ಆಂಪ್ಲಿಫೈಯರಿಗೆ ಹೋಗುತ್ತದೆ. ನೈಲಾನ್ ತಂತಿ ಹಾಕಿದಿರೋ, ನಾನು ಶುದ್ಧ ಕಿವುಡ.

ಪ್ರಶ್ನೆ: ಎರಡು ತುಂಡಾಗಿದ್ದೀರಲ್ಲ, ಆಸ್ತಿ ಪಾಲಾಯಿತೇ?

ಪಿ: 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ಈ ಬೇಸನ್ನು ತಂದಾಗ ನಮ್ಮದು ಕೂಡು ಕುಟುಂಬ, ಒಂದೇ ಸುರುಳಿ. ಸುತ್ತಲಿನ ಕರೆಂಟಿನ ಗುಂಯ್ ಸದ್ದೆಲ್ಲ ನಮ್ಮ ಮನೆಗೇ ನುಗ್ಗುತ್ತಿತ್ತು. 1957ರಲ್ಲಿ ಪಾಲು ಮಾಡಿದರು. ದಪ್ಪ ತಂತಿ ಎರಡು ಒಬ್ಬನಿಗೆ, ಸಣ್ಣವೆರಡು ಇನ್ನೊಬ್ಬನಿಗೆ. ಸುರುಳಿ ಸುತ್ತಿದ್ದು ವಿರುದ್ಧ ದಿಕ್ಕಿಗೆ, ಅಯಸ್ಕಾಂತಗಳೂ ತಿರುವುಮುರುವು. ಈಗ ಅವನ ಗುಂಯ್ ಇವನ ಗುಂಯ್‌ಗೆ ಎದುರಾಗಿ ಎರಡೂ ಅಡಗುತ್ತವೆ. ಪಾಲಾದ ಮೇಲೆ ಗಲಾಟೆ ನಿಂತ ಮನೆ ಎಂದರೆ ನಮ್ಮದೇ ಇರಬೇಕು.

ಪ್ರಶ್ನೆ: ಲಿಯೋ ಅವರು ದೊಡ್ಡ ಗಿಟಾರ್ ವಾದಕರೇ?

ಪಿ: ರೇಡಿಯೊ ರಿಪೇರಿಯವರು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬರುತ್ತಿದ್ದರೆ ಯಾವ ಪಿಕಪ್ ಹಾಕಲಿ ಎಂದು ಇನ್ನೂ ಯೋಚಿಸುತ್ತ ಕೂತಿರುತ್ತಿದ್ದರು.

ಜೆ: ನಮ್ಮನ್ನೂ ಸ್ವಲ್ಪ ಕೇಳಿ! ನಾವು 1960ರವರು. ಕುತ್ತಿಗೆಯ ಕಡೆ ಇರುವ ನಮ್ಮಣ್ಣನದು ದುಂಡು ದನಿ, ಕುದುರೆಯ ಪಕ್ಕದಲ್ಲಿರುವ ನನ್ನದು ಚೂಪು. ಬೇಕಾದ ಹದಕ್ಕೆ ಬೆರೆಸಿಕೊಳ್ಳಿ ಅಂತ ಇಬ್ಬರಿಗೂ ಬೇರೆ ಬೇರೆ ನಾಬ್ ಕೊಟ್ಟಿದ್ದಾರೆ. ಜಾಕೊ ಪಾಸ್ಟೋರಿಯಸ್ ಫ್ರೆಟ್ಟುಗಳೇ ಇಲ್ಲದ ಜಾಝ್ ಬೇಸಿನಲ್ಲಿ ನನ್ನ ಕಡೆಗೇ ವಾಲಿದವರು. ಮಾರ್ಕಸ್ ಮಿಲ್ಲರ್ ಹೆಬ್ಬೆರಳಿನಿಂದ ಸ್ಲ್ಯಾಪ್ ಬಾರಿಸುವುದೂ ನಮ್ಮ ಮೇಲೇ.

ಪಿ: ಒಬ್ಬನೇ ಇದ್ದರೆ ಗುಂಯ್‌ಗುಡುತ್ತೀಯ ಅಂತಲೂ ಹೇಳಪ್ಪ.

ಜೆ: (ದನಿ ತಗ್ಗಿಸಿ) ಇಬ್ಬರನ್ನೂ ಪೂರ್ತಿ ತೆರೆದರೆ ಸದ್ದಿಲ್ಲ. ಒಬ್ಬನನ್ನು ಇಳಿಸಿದರೆ ಮಾತ್ರ ಶುರು. ಅಮೆರಿಕದ ಕರೆಂಟು 60 ಹರ್ಟ್ಸ್, ಇಲ್ಲಿಯದು 50. ಈ ಊರಿನಲ್ಲಿ ಸ್ವಲ್ಪ ಕೆಳಗಿನ ಶ್ರುತಿಯಲ್ಲಿ ಗುಂಯ್‌ಗುಡುತ್ತೇವೆ, ಅಷ್ಟೇ.

ಪಿ: ನಮ್ಮ ಕಡೆಯವರು ಜೇಮ್ಸ್ ಜೇಮರ್ಸನ್. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳನ್ನು 1962ರ ಪ್ರಿಸಿಶನ್ ಬೇಸಿನಲ್ಲಿ ಬಲಗೈಯ ತೋರುಬೆರಳೊಂದರಿಂದಲೇ ನುಡಿಸಿದವರು. ತಂತಿ ಹರಿದರೆ ಮಾತ್ರ ಬದಲಿಸುತ್ತಿದ್ದರಂತೆ. ಜಗತ್ತು ಕುಣಿಯಿತು. ಆಲ್ಬಮ್ಮಿನ ಮೇಲೆ ಅವರ ಹೆಸರು ಬರಲು 1971 ಆಗಬೇಕಾಯಿತು. ನಿಮ್ಮ ಗಿರಾಕಿಗಳಿಗೆ ಬೆರಳು ಹತ್ತಿದ್ದರೂ ತೊಂದರೆಯೆಲ್ಲ ಪಿಕಪ್ಪಿನದ್ದೇ!

ಪ್ರಶ್ನೆ: ಪಿಜೆ ಕೊಂಡರೆ ಇಬ್ಬರೂ ಸಿಕ್ಕಂತಲ್ಲವೇ?

ಪಿ: ಸಿಗುತ್ತೇವೆ, ಆದರೆ ನನ್ನ ಮುಂದೆ ಕುದುರೆಯ ಪಕ್ಕದವನ ದನಿ ಸಾಮಾನ್ಯವಾಗಿ ಸಣ್ಣದು. ಇಬ್ಬರನ್ನೂ ಸಮಸಮ ತೆರೆದರೆ ನಡುವಣ ದನಿ ಸೊರಗುತ್ತದೆ. ಕೊಂಡ ಹೊಸತರಲ್ಲಿ ಎರಡೂ ನಾಬ್ ತಿರುಗುತ್ತವೆ, ಆಮೇಲೆ ನನ್ನದೊಂದೇ. ಒಂದೇ ರಾತ್ರಿ ಹತ್ತು ಬಗೆಯ ಹಾಡು ನುಡಿಸುವವರಿಗೆ ಮಾತ್ರ ಅದು ನಿಜಕ್ಕೂ ಅನುಕೂಲ.

(ಮೂಲೆಯಿಂದ ದಪ್ಪ ದನಿ: “1976ರ ಸ್ಟಿಂಗ್‌ರೇ ಬೇಸ್ ವಂಶದ ಹಂಬಕರ್ ಪಿಕಪ್ ನಾನು, ಬ್ಯಾಟರಿಯಿಲ್ಲದೆ ನನ್ನ ಬೇಸು ಮಾತಾಡದು. ಯಾರ ಹತ್ತಿರವಾದರೂ 9 ವೋಲ್ಟಿನ ಬ್ಯಾಟರಿ ಇದೆಯೇ?” ಯಾರ ಹತ್ತಿರವೂ ಇರಲಿಲ್ಲ.)

ಪ್ರಶ್ನೆ: ಗಿರಾಕಿಗಳು ವಿಡಿಯೊ ನೋಡಿ ನಿಮ್ಮನ್ನೆಲ್ಲ ಹೋಲಿಸಿಕೊಂಡೇ ಬರುತ್ತಾರಲ್ಲ?

ಪಿ: ಫೋನಿನಲ್ಲಿ ತಾನೆ? ದಪ್ಪ ಇ ತಂತಿಯ ಮೂಲನಾದ ಸುಮಾರು 41 ಹರ್ಟ್ಸ್. ಫೋನಿನ ಸ್ಪೀಕರಿನಿಂದ ಅದು ಹೊರಡುವುದೇ ಇಲ್ಲ. ಸಾರಿನ ಫೋಟೊ ನೋಡಿ ಉಪ್ಪು ಕಡಿಮೆ ಎಂದ ಹಾಗಾಯಿತು. ಮೊನ್ನೆ ಒಬ್ಬರು ಕೆಳಗಿಳಿಸಿ, ಬೆಳಕಿಗೆ ಹಿಡಿದು, ನನ್ನ ಸ್ಕ್ರೂಗಳ ಫೋಟೊ ತೆಗೆದುಕೊಂಡರು. ತಂತಿ ಮೀಟಲೇ ಇಲ್ಲ.

ಪ್ರಶ್ನೆ: ಹಾಗಾದರೆ ತೀರ್ಪು?

ಪಿ: ಅಂಗಡಿಯಲ್ಲಿ ಒಬ್ಬರೇ ಕೂತು ನುಡಿಸಿದರೆ ಜೆ ಗೆಲ್ಲುತ್ತಾನೆ, ಒಪ್ಪಿಕೊಳ್ಳುತ್ತೇನೆ. ಡ್ರಮ್ಸು, ಎರಡು ಗಿಟಾರು ಶುರುವಾದ ಮೇಲೆ ನನ್ನ ದನಿ ಎದ್ದು ನಿಲ್ಲುತ್ತದೆ. ರಾಕ್ ಬ್ಯಾಂಡಿಗೆ ನಾನು. ಸ್ಲ್ಯಾಪ್ ಮಾಡುವವರು, ಸೋಲೊ ನುಡಿಸುವವರು ಅವನ ಕಡೆ ಹೋಗಲಿ. ಮನೆಯಲ್ಲಿ ಬೇಸ್ ಇದ್ದೂ ದನಿ ಸರಿಯಿಲ್ಲ ಎನ್ನುವವರು ಮೊದಲು ತಂತಿ ಬದಲಿಸಿ ನೋಡಲಿ. ಕೊಳ್ಳಲೇಬೇಕೆಂದರೆ ಫೋನು ಜೇಬಿನಲ್ಲಿಟ್ಟು, ಜೊತೆಗೆ ಒಬ್ಬ ಡ್ರಮ್ಮರನ್ನು ಕರೆದುಕೊಂಡು ಬನ್ನಿ.