ನಯಾಗರಕ್ಕೂ ನಲ್ಲಿ ಉಂಟು

ಅಮೆರಿಕದಲ್ಲಿ ಮಗನೋ ಮಗಳೋ ಇದ್ದು, ನಯಾಗರ ನೋಡದೆ ಊರಿಗೆ ಮರಳಿದ ಅಪ್ಪ ಅಮ್ಮಂದಿರನ್ನು ನಾನಿನ್ನೂ ಕಂಡಿಲ್ಲ. ಬಾಣಂತನಕ್ಕೆಂದು ಹೋದವರ ಮೊಬೈಲಿನಲ್ಲೂ ಆ ಒಂದು ಫೋಟೊ ಇದ್ದೇ ಇರುತ್ತದೆ: ಅಮ್ಮನಿಗೆ ಸೀರೆಯ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ನೀಲಿ ಪ್ಲಾಸ್ಟಿಕ್, ಕಾಲಿಗೆ ಮಗಳ ಸ್ಪೋರ್ಟ್ಸ್ ಶೂ. ಪಕ್ಕದಲ್ಲಿ ಕನ್ನಡಕ ಒರೆಸುತ್ತಿರುವ ಅಪ್ಪ. ಹಿಂದೆ ಬರೀ ಬಿಳಿ ಹೊಗೆ. ಅದೇ ನಯಾಗರ ಎಂದು ಅವರು ಹೇಳಿದಾಗ ನಂಬುವುದು ಸೌಜನ್ಯ.

ನೀಲಿ ಪ್ಲಾಸ್ಟಿಕ್ಕು ಅಮೆರಿಕದ ದಡದ ದೋಣಿ ಹತ್ತುವವರಿಗೆ. ಕೆನಡಾ ಕಡೆಯಿಂದ ಹತ್ತಿದರೆ ಕೆಂಪು. ನೆನೆಯುವುದರಲ್ಲಿ ಮಾತ್ರ ಭೇದವಿಲ್ಲ. ಅಮೆರಿಕದ ಕಡೆಯ ‘ಮೇಡ್ ಆಫ್ ದಿ ಮಿಸ್ಟ್’ 1846ರಲ್ಲಿ ಜನರನ್ನು ಹೊಳೆ ದಾಟಿಸಲು ಶುರುವಾದ ದೋಣಿ. ಎರಡೇ ವರ್ಷದಲ್ಲಿ ಸೇತುವೆ ಬಂದು ಗಿರಾಕಿ ಕಡಿಮೆಯಾದಾಗ, ದಾಟಿಸದಿದ್ದರೆ ಬೇಡ, ನೆನೆಸಿಯಾದರೂ ಕಳಿಸೋಣ ಎಂದು ಜಲಪಾತದ ಬುಡಕ್ಕೇ ಕರೆದೊಯ್ಯತೊಡಗಿದರು.

ಸಾಗರದ ಕಡೆಯ ನಮ್ಮ ಸೋದರಮಾವನಿಗೆ ಇದ್ಯಾವುದೂ ಸಮಾಧಾನವಿಲ್ಲ. ಕಟಕಟೆ ಹಿಡಿದು ನಿಂತು ಮೇಲೆ ಕೆಳಗೆ ನೋಡಿ, “ಎಂತ ಮಾರಾಯ, ಇಷ್ಟೇ ಎತ್ತರವಾ? ನಮ್ಮ ಜೋಗದ ರಾಜನ ಸೊಂಟಕ್ಕೂ ಬರೂದಿಲ್ಲ ಇದು” ಎಂದರು. ಮಾತು ಸುಳ್ಳಲ್ಲ. ಜೋಗ 830 ಅಡಿ. ಇಲ್ಲಿನ ದೊಡ್ಡಣ್ಣ ಹಾರ್ಸ್‌ಶೂ 200 ಅಡಿಯೂ ಇಲ್ಲ. “ಅದಕ್ಕೇ ಅಗಲಕ್ಕೆ ಬೆಳೆದಿದೆ,” ಎಂದು ಅತ್ತೆ ಮಾವನ ಹೊಟ್ಟೆಯ ಕಡೆ ನೋಡಿದರು.

ನೀರಿನ ಲೆಕ್ಕಕ್ಕೆ ಬಂದಾಗ ಮಾವ ತಣ್ಣಗಾದರು. ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ಬಿಟ್ಟರೆ ನಮ್ಮ ಟಿವಿಯವರು ಗಂಟಲು ಹರಿದುಕೊಳ್ಳುತ್ತಾರಲ್ಲ, ನಯಾಗರದಲ್ಲಿ ಬೇಸಿಗೆಯ ಹಗಲು ಅಷ್ಟು ನೀರು ದಿನಾ ಬೀಳುತ್ತದೆ. ಬೀಳಲೇಬೇಕೆಂದು ಒಪ್ಪಂದವೇ ಇದೆ. 1950ರಲ್ಲಿ ಎರಡೂ ದೇಶಗಳು ಸಹಿ ಹಾಕಿದ್ದು: ಏಪ್ರಿಲ್‌ನಿಂದ ಅಕ್ಟೋಬರ್ ತನಕ, ಪ್ರವಾಸಿಗರು ನೋಡುವ ಹೊತ್ತಿನಲ್ಲಿ, ಕನಿಷ್ಠ 1 ಲಕ್ಷ ಕ್ಯೂಸೆಕ್. ರಾತ್ರಿಯಲ್ಲಿ, ಚಳಿಗಾಲದಲ್ಲಿ 50 ಸಾವಿರ ಸಾಕು. ಹೊಳೆಯಲ್ಲಿ ಬರುವುದು ಸುಮಾರು 2 ಲಕ್ಷ. ಉಳಿದದ್ದನ್ನು ಮೇಲೆಯೇ ಸುರಂಗಕ್ಕೆ ತಿರುಗಿಸಿ ಎರಡೂ ಕಡೆಯವರು ಕರೆಂಟು ಮಾಡಿಕೊಳ್ಳುತ್ತಾರೆ.

“ಹಂಗಾರೆ ಇದಕ್ಕೂ ನಲ್ಲಿ ಉಂಟು ಅನ್ನು!” ಮಾವನ ಮುಖ ಅರಳಿತು. ಲಿಂಗನಮಕ್ಕಿ ಅಣೆಕಟ್ಟು ಬಂದಾಗಿನಿಂದ, ಮಾರ್ಚಿನಲ್ಲಿ ಜೋಗಕ್ಕೆ ಬಂದು ಬರೀ ಬಂಡೆ ಕಂಡ ಬೆಂಗಳೂರಿಗರ ಗೊಣಗಾಟವನ್ನೆಲ್ಲ ತಾವೇ ಕೇಳಿಸಿಕೊಂಡವರು ಅವರು. ಆ ಕಿವಿಗಳಿಗೆ ಇದು ಅಮೃತ. ಅಮೆರಿಕದವರು 1969ರಲ್ಲಿ ತಮ್ಮ ಕಡೆಯ ಜಲಪಾತವನ್ನು ಒಡ್ಡು ಕಟ್ಟಿ ತಿಂಗಳುಗಟ್ಟಲೆ ಪೂರಾ ಒಣಗಿಸಿದ್ದರು, ಬಂಡೆಯ ಬಿರುಕು ಪರೀಕ್ಷಿಸಲು, ಎಂದು ತಿಳಿದ ಮೇಲಂತೂ ಅವರನ್ನು ಹಿಡಿಯುವವರೇ ಇಲ್ಲ. ಆ ಒಣಬಂಡೆ ನೋಡಲೂ ಜನ ಮುಗಿಬಿದ್ದಿದ್ದರು. ನಾವಾಗಿದ್ದರೆ ಪಾರ್ಕಿಂಗ್ ದುಡ್ಡು ವಾಪಸ್ ಕೇಳುತ್ತಿದ್ದೆವು.

ಇಷ್ಟಾದರೂ ಮಾವನ ಬಾಯಿ ಮುಚ್ಚಿಸಿದ್ದು ಒಬ್ಬ ಮೇಡಂ. ಆನಿ ಟೇಲರ್ ಎಂಬ ಶಾಲಾ ಶಿಕ್ಷಕಿ 1901ರಲ್ಲಿ, ತನ್ನ 63ನೇ ಹುಟ್ಟುಹಬ್ಬದ ದಿನ, ಪೀಪಾಯಿಯೊಳಗೆ ಕುಳಿತು ಇಲ್ಲಿಂದ ಕೆಳಕ್ಕೆ ಬಿದ್ದು ಬದುಕಿ ಬಂದಳು. ಮುಪ್ಪಿನ ಕಾಲಕ್ಕೆ ನಾಲ್ಕು ಕಾಸು ಬರಲಿ ಎಂಬ ಆಸೆ, ಹೆಚ್ಚೇನೂ ಬರಲಿಲ್ಲ. ಮಾವನಿಗೂ ಹೆಚ್ಚೂಕಮ್ಮಿ ಅದೇ ವಯಸ್ಸು, ಮೇಲೆ ಪಿಂಚಣಿ ಬೇರೆ. ದೋಣಿಯ ಮೆಟ್ಟಿಲಿಳಿಯಲು ಮಂಡಿನೋವು ಎನ್ನುತ್ತಿದ್ದವರು ಮಾತಾಡದೆ ಇಳಿದರು.

ನೀವು ಹೋಗುವುದಿದ್ದರೆ ಬೇಸಿಗೆಯಲ್ಲಿ, ಹಗಲಲ್ಲೇ ಹೋಗಿ. ಊಟ ಮುಗಿಸಿ ಬಣ್ಣದ ದೀಪದಲ್ಲಿ ನಿಧಾನಕ್ಕೆ ನೋಡಿದರಾಯಿತು ಎಂದು ಮಕ್ಕಳು ಹೇಳಿದರೆ ಒಪ್ಪಬೇಡಿ. ರಾತ್ರಿ ಹತ್ತಾದ ಮೇಲೆ ಅರ್ಧ ನಲ್ಲಿ ತಿರುಗಿಸಿರುತ್ತಾರೆ.